ಮನಸ್ಸಿನ ಜಡ್ಡು, ಕುಡಿತ, ಅಂಗವಿಕಲರ ಕಾರ್ಡು: ಸೊಲ್ಲಾಪುರ ಸೀಮೆಯಿಂದ ಬೆಂಗಳೂರಿಗೆ ಬಂದ ನಮ್ಮವರಿಗೆ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಕೆಲಸ ಹುಡುಕಿ ಬಂದವರು ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ ಕಡೆ ಸಾಕಷ್ಟು ಜನ ಇದ್ದೀರಿ. ಬಾಡಿಗೆ ಮನೆ ಎಲ್ಲಿ ಅಗ್ಗ, ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕು ಎಂದು ಕೇಳಲು ನಮ್ಮ ಮನೆಗೆ ಬರುತ್ತೀರಿ. ಎಲ್ಲ ಕೇಳಿ ಮುಗಿದ ಮೇಲೆ, ಚಹಾದ ಕಪ್ಪು ಕೆಳಗಿಟ್ಟು, ದನಿ ತಗ್ಗಿಸಿ, "ಅಕ್ಕಾರ, ಇನ್ನೊಂದ ಮಾತಿತ್ತು" ಎನ್ನುತ್ತೀರಿ. ಆ ಇನ್ನೊಂದು ಮಾತಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಣ್ಣ ತಿಂಗಳಿಂದ ಮಾತು ಬಿಟ್ಟಿದ್ದಾನೆ. ಗಂಡ ಎದ್ದ ಕೂಡಲೇ ಕುಡಿಯುತ್ತಾನೆ. ಮಗಳಿಗೆ ಹತ್ತು ವರ್ಷವಾದರೂ ತಾನಾಗಿ ಉಣ್ಣಲು ಬರುವುದಿಲ್ಲ.

ನನಗೆ ಇದೆಲ್ಲ ಗೊತ್ತಾದದ್ದು ನನ್ನ ತಮ್ಮನಿಂದ. ಊರಲ್ಲಿ ಅವನಿಗೆ ಇಪ್ಪತ್ತೆರಡರ ಹರೆಯದಲ್ಲಿ ಯಾರೋ ಬೈಯುತ್ತಿರುವಂತೆ ದನಿಗಳು ಕೇಳತೊಡಗಿದವು. ಗಾಳಿ ಸೋಕಿದೆ ಎಂದು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ಸಂಗಮದಲ್ಲಿ ಸ್ನಾನ ಮಾಡಿಸಿ, ದತ್ತನ ಗುಡಿಯ ಮುಂದೆ ದಿನಗಟ್ಟಲೆ ಕೂತೆವು. ಅದನ್ನು ತಪ್ಪು ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ಅವ್ವನಿಗೆ ಅಲ್ಲಿ ಸಿಕ್ಕ ಧೈರ್ಯ ಬೇರೆಲ್ಲೂ ಸಿಕ್ಕಿರಲಿಲ್ಲ. ಆದರೆ ಡಾಕ್ಟರ ಹತ್ತಿರ ಹೋಗಲು ನಾವು ಎರಡು ವರ್ಷ ತಡ ಮಾಡಿದೆವು. ಆ ಎರಡು ವರ್ಷಗಳಲ್ಲಿ ಅವನು ದನಿಗಳನ್ನು ಅಡಗಿಸಲು ಕುಡಿಯುವುದನ್ನೂ ಕಲಿತ. ಹರಕೆ ತೀರಿಸಿ, ಪೂಜೆ ಮಾಡಿಸಿ. ಜೊತೆಜೊತೆಗೇ ಆಸ್ಪತ್ರೆಗೂ ಹೋಗಿ.

ಬೆಂಗಳೂರಲ್ಲಿ ಮೊದಲ ಬಾಗಿಲು ಹೊಸೂರು ರಸ್ತೆಯ ನಿಮ್ಹಾನ್ಸ್. ಡೇರಿ ಸರ್ಕಲ್ ಹತ್ತಿರ, ಕಿದ್ವಾಯಿ ಆಸ್ಪತ್ರೆಯ ಮಗ್ಗುಲಲ್ಲಿದೆ. ಹಳಬರು ಈಗಲೂ ಅದನ್ನು ಹುಚ್ಚಾಸ್ಪತ್ರೆ ಅನ್ನುತ್ತಾರೆ, ಆ ಮಾತು ಕೇಳಿಯೇ ನಮ್ಮವರು ಅರ್ಧ ದಾರಿಯಲ್ಲಿ ತಿರುಗಿ ಬರುತ್ತಾರೆ. ಅಲ್ಲಿ ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಶುರುವಾದ ತರಬೇತಿ ಸಂಸ್ಥೆಯೂ 1974ರಲ್ಲಿ ಒಂದಾಗಿ ಈಗಿನ ಸಂಸ್ಥೆ ಆಯಿತು. ಮೂರ್ಛೆರೋಗ, ಪಾರ್ಶ್ವವಾಯು, ತಲೆಗೆ ಪೆಟ್ಟು ಬಿದ್ದವರು ಕೂಡ ಅಲ್ಲಿಗೇ ಬರುತ್ತಾರೆ. ಆ ಗೇಟಿನಲ್ಲಿ ಯಾರಾದರೂ ನಿಮ್ಮನ್ನು ನೋಡಿದರೂ ಯಾವ ರೋಗಕ್ಕೆ ಬಂದಿದ್ದೀರೆಂದು ಅವರಿಗೆ ತಿಳಿಯುವುದಿಲ್ಲ. ಬಿಪಿಎಲ್ ಕಾರ್ಡು ಇದ್ದರೆ ಮರೆಯದೆ ಒಯ್ಯಿರಿ, ಖರ್ಚಿನಲ್ಲಿ ರಿಯಾಯಿತಿ ಇದೆ. ಇಡೀ ದಿನ ಬೇಕಾಗುತ್ತದೆ ಎಂದುಕೊಂಡೇ ಬೆಳಿಗ್ಗೆ ಬೇಗ ಹೋಗಿ, ರೊಟ್ಟಿ ಕಟ್ಟಿಕೊಂಡು ಹೋಗಿ. ಯಾರಾದರೂ ಜೀವ ಕಳೆದುಕೊಳ್ಳುವ ಮಾತಾಡಿದರೆ ಮಾತ್ರ ಬೆಳಗಿನವರೆಗೆ ಕಾಯಬೇಡಿ. ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಒಳಗೆ ಹೋದ ಮೇಲೆ ಏನು ಹೇಳಬೇಕು ಎಂಬುದೇ ದೊಡ್ಡ ಮಾತು. ನಮ್ಮವರು ಡಾಕ್ಟರ ಮುಂದೆ ಕೂತರೆ ಒಂದೇ ಶಬ್ದ ಹೇಳುತ್ತಾರೆ: "ಟೆನ್ಶನ್". ಅದರಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ನಿದ್ದೆ ಯಾವಾಗಿನಿಂದ ಇಲ್ಲ, ಸ್ನಾನ ಬಿಟ್ಟು ಎಷ್ಟು ದಿನವಾಯಿತು, ಒಬ್ಬನೇ ನಗುತ್ತಾನೋ, ಊಟದಲ್ಲಿ ವಿಷ ಹಾಕಿದ್ದೀರಿ ಅನ್ನುತ್ತಾನೋ, ದಿನಕ್ಕೆ ಎಷ್ಟು ಕುಡಿಯುತ್ತಾನೆ, ಮನೆತನದಲ್ಲಿ ಮೊದಲು ಯಾರಿಗಾದರೂ ಹೀಗಾಗಿತ್ತೋ, ಇದನ್ನೆಲ್ಲ ಹಿಂದಿನ ರಾತ್ರಿಯೇ ಹಾಳೆಯ ಮೇಲೆ ಬರೆದಿಡಿ. ಹಳೆಯ ಗುಳಿಗೆಗಳ ಖಾಲಿ ಪಟ್ಟಿಗಳನ್ನೂ ಒಯ್ಯಿರಿ. ರೋಗಿಯ ಜೊತೆ ಒಂದೇ ಸೂರಿನಡಿ ಇರುವವರೇ ಹೋಗಬೇಕು. ರಜೆ ಸಿಕ್ಕಿತೆಂದು ದೂರದ ಭಾವನನ್ನು ಕಳಿಸಿದರೆ ಅವರು ಅರ್ಧ ಕಥೆ ಹೇಳಿ ಬರುತ್ತಾರೆ.

ಮತ್ತೆ ನಮ್ಮ ಕನ್ನಡ. "ಎದಿ ಧಸಕ್ ಅಂತೈತಿ", "ತಲ್ಯಾಗ ಯಾರೋ ಮಾತಾಡಿದಂಗ ಕೇಳಸತೈತಿ" ಎಂದು ನಾವು ಹೇಳಿದ್ದನ್ನು ಬೇರೆ ರಾಜ್ಯದಿಂದ ಕಲಿಯಲು ಬಂದ ಎಳೆಯ ಡಾಕ್ಟರು ಹಿಡಿಯಲಾರದೆ ಹೋಗಬಹುದು. ಆಗ ನಾಚಿಕೊಂಡು ಹರಕುಮುರುಕು ಹಿಂದಿಗೆ ಹೊರಳಬೇಡಿ. "ಕನ್ನಡ ಬಲ್ಲವರನ್ನು ಕರೀರಿ" ಎಂದು ಕೇಳಿ. ಸಂಕಟವನ್ನು ಹುಟ್ಟಿದ ಮಾತಿನಲ್ಲೇ ಹೇಳಬೇಕು, ಬೇರೆ ಭಾಷೆಯಲ್ಲಿ ಅದು ತೆಳುವಾಗಿಬಿಡುತ್ತದೆ. ನನ್ನ ತಮ್ಮ ಮೊದಲ ಸಲ ಮನಸ್ಸು ಬಿಚ್ಚಿದ್ದು ಕಲಬುರಗಿ ಕಡೆಯ ನರ್ಸ್ ಒಬ್ಬರು "ಯಾಕಪಾ ತಮ್ಮಾ, ಉಂಡಿಲ್ಲೇನ?" ಎಂದು ಕೇಳಿದಾಗ. ಹೊರಗೆ ಹೋಗಲಾಗದವರು 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ಊರಲ್ಲಿರುವ ನಿಮ್ಮ ಅಪ್ಪ ಅವ್ವನೂ ಅಲ್ಲಿಂದಲೇ ಮಾಡಬಹುದು, ಮರಾಠಿಯಲ್ಲೂ ಸಿಗುತ್ತದೆ.

ಈಗ ಕುಡಿತದ ಮಾತು. ಬಸ್ ನಿಲ್ದಾಣದ ಗೋಡೆಗಳ ಮೇಲೆ "ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಚೀಟಿ ನೋಡಿದ್ದೀರಿ. ದಯವಿಟ್ಟು ಆ ಪುಡಿ ತರಬೇಡಿ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಗುಳಿಗೆ ಇದೆ. ಅದನ್ನು ನುಂಗಿ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ಬಿಪಿ ಇಳಿದು ಜೀವಕ್ಕೇ ಅಪಾಯ ಬರಬಹುದು. ಹಾಗಾಗಿ ಡಾಕ್ಟರು ಅದನ್ನು ರೋಗಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆಯೇ ಕೊಡುತ್ತಾರೆ. ಸಾರಿನಲ್ಲಿ ಕದ್ದು ಬೆರೆಸುವ ಪುಡಿಯಲ್ಲಿ ಏನಿದೆಯೋ ಮಾರುವವನಿಗೇ ಗೊತ್ತಿರುವುದಿಲ್ಲ.

ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ: ವರ್ಷಗಟ್ಟಲೆ ದಿನಾ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದು. ಕುಡಿತ ನಿಂತ ಎರಡು ಮೂರು ದಿನದೊಳಗೆ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು ಕೇಳಿ, ಪ್ರಾಣವೇ ಹೋಗಬಹುದು. ಮೊದಲ ವಾರ ಡಾಕ್ಟರ ಕಣ್ಣ ಮುಂದೆ ಕಳೆಯಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಬೇರೆ ವಿಭಾಗ ಇದೆ. ವ್ಯಸನದ ಬಗ್ಗೆ ಕೇಳಲು ದೇಶದ ಸಹಾಯವಾಣಿ 14446.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ವಿಷಯದಲ್ಲಿ ನನ್ನ ಹೊಟ್ಟೆಯಲ್ಲಿ ಬೆಂಕಿ ಇದೆ. 2011ರಲ್ಲಿ ಯಾರೋ ಹೇಳಿದರೆಂದು ತಮ್ಮನನ್ನು ಊರ ಹೊರಗಿನ ಒಂದು ಕೇಂದ್ರದಲ್ಲಿ ಬಿಟ್ಟೆವು. ಮೂರು ತಿಂಗಳು ಭೇಟಿ ಇಲ್ಲ, ಫೋನು ಇಲ್ಲ ಎಂದರು. ನಾವು ಒಪ್ಪಿದೆವು, ಅದೇ ಶಿಸ್ತು ಎಂದುಕೊಂಡೆವು. ಕರೆತರಲು ಹೋದಾಗ ತಲೆ ಬೋಳಿಸಿದ್ದರು, ಬೆನ್ನ ಮೇಲೆ ಬಾಸುಂಡೆ ಇದ್ದವು, ದನಿಗಳಿಗೆ ಕೊಡುತ್ತಿದ್ದ ಗುಳಿಗೆ ನಿಲ್ಲಿಸಿಬಿಟ್ಟಿದ್ದರು. ಅಲ್ಲಿ ಒಬ್ಬ ಡಾಕ್ಟರೂ ಇರಲಿಲ್ಲ. ಅವನು ಮತ್ತೆ ನಮ್ಮನ್ನು ನಂಬಲು ವರ್ಷ ಹಿಡಿಯಿತು.

ಈಗ ಕಾನೂನು ನಿಮ್ಮ ಬೆನ್ನಿಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ, ಮದ್ಯ ಮತ್ತು ಮಾದಕ ವಸ್ತುವಿನಿಂದ ಬಂದ ಮನೋವಿಕಾರವೂ ಅದರ ವ್ಯಾಪ್ತಿಗೆ ಸೇರುತ್ತದೆ. ಇಂಥ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಲೇಬೇಕು. ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಅರಿವಳಿಕೆ ಇಲ್ಲದೆ ಚಿಕಿತ್ಸೆಯೆಂದು ತಲೆಗೆ ಕರೆಂಟು ಕೊಡುವಂತಿಲ್ಲ. ಫೋನಿನಲ್ಲಿ ಮಾತಾಡುವ, ಬಂದವರನ್ನು ಕಾಣುವ ಹಕ್ಕು ರೋಗಿಗಿದೆ. ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಈ ಕಾಯ್ದೆ ಪರಿಗಣಿಸುತ್ತದೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಒಯ್ಯದೆ ಇರಬೇಡಿ. ಯಾವುದೇ ಕೇಂದ್ರಕ್ಕೆ ಹೋದರೂ ನೋಂದಣಿ ಪತ್ರ ತೋರಿಸಿ ಅನ್ನಿ, ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ ಕೇಳಿ, ಮಲಗುವ ಕೋಣೆ ನೋಡಿ. ಭೇಟಿ ಬೇಡ ಎಂದರೆ ಮುಂಗಡ ಕೊಟ್ಟಿದ್ದರೂ ಬಿಟ್ಟು ಎದ್ದು ಬನ್ನಿ.

ಕುಡಿತ ಬಿಟ್ಟವರನ್ನು ಹಿಡಿದು ನಿಲ್ಲಿಸುವುದು ಜೊತೆಗಾರರು. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ತಾವೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ನಗರದ ಬೇರೆ ಬೇರೆ ಕಡೆ ನಡೆಯುತ್ತವೆ, ಕನ್ನಡದವೂ ಇವೆ. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡಬೇಕು ಎಂಬ ಆಸೆ ಇದ್ದರೆ ಸಾಕು. ಹೆಂಡಂದಿರಿಗೆ, ಅಕ್ಕತಂಗಿಯರಿಗೆ ಅಲ್-ಅನಾನ್ ಎಂಬುದು ಬೇರೆಯೇ ಇದೆ. ಗಂಡ ಬರದಿದ್ದರೂ ನೀವು ಹೋಗಿ.

ಆಸ್ಪತ್ರೆ ಬಿಟ್ಟ ಮೇಲಿನದು ಎರಡನೆಯ ಬಾಗಿಲು. ನಮ್ಮವರಿಗೆ ಇದು ಗೊತ್ತೇ ಇಲ್ಲ, ನಾನು ಹೆಚ್ಚು ಒತ್ತಿ ಹೇಳುವುದೂ ಇದನ್ನೇ. ಗುಳಿಗೆ ದನಿಗಳನ್ನು ನಿಲ್ಲಿಸುತ್ತದೆ. ಬೆಳಿಗ್ಗೆ ಎದ್ದು ಹಾಸಿಗೆ ಮಡಚುವುದು, ಬಸ್ಸು ಹತ್ತುವುದು, ನಾಲ್ಕು ಜನರ ನಡುವೆ ಕೂತು ಉಣ್ಣುವುದು, ಇವನ್ನು ಗುಳಿಗೆ ಕಲಿಸುವುದಿಲ್ಲ. ಇದಕ್ಕೆಂದೇ ಬೆಂಗಳೂರಲ್ಲಿ ಲಾಭಕ್ಕಲ್ಲದೆ ದುಡಿಯುವ ಸಂಸ್ಥೆಗಳಿವೆ. ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ 1964ರಷ್ಟು ಹಳೆಯದು. ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಹಾಫ್‌ವೇ ಹೋಮ್ ಕೂಡ ನಡೆಸುತ್ತದೆ, ಹಗಲು ಕೇಂದ್ರ ಕೂಡ. ಹಾಫ್‌ವೇ ಹೋಮ್ ಅಂದರೆ ಆಸ್ಪತ್ರೆಗೂ ಮನೆಗೂ ನಡುವಿನ ಮನೆ; ಅಲ್ಲಿ ಕೆಲವು ತಿಂಗಳು ಇದ್ದು, ಅಡುಗೆ, ತೋಟ, ಲೆಕ್ಕ, ಮಾತುಕತೆ ಮತ್ತೆ ರೂಢಿಸಿಕೊಳ್ಳುತ್ತಾರೆ. ಹಗಲು ಕೇಂದ್ರಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ. ನನ್ನ ತಮ್ಮ ಅಂಥ ಒಂದು ಕಡೆ ಮೇಣದಬತ್ತಿ ಮಾಡುತ್ತ, ಕವರು ಅಂಟಿಸುತ್ತ ಒಂದೂವರೆ ವರ್ಷ ಕಳೆದ. ಮೊದಲ ತಿಂಗಳ ಮುನ್ನೂರು ರೂಪಾಯಿ ತಂದು ಅವ್ವನ ಕೈಗಿಟ್ಟ ದಿನ ಅವ್ವ ಆ ನೋಟುಗಳನ್ನು ದೇವರ ಮುಂದಿಟ್ಟಳು, ಬಹಳ ದಿನ ಖರ್ಚು ಮಾಡಲಿಲ್ಲ.

ಲಾಭಕ್ಕಲ್ಲ ಎಂದರೆ ಪುಕ್ಕಟೆ ಎಂದಲ್ಲ. ಇರಿಸಿಕೊಳ್ಳುವ ಕಡೆ ತಿಂಗಳ ಖರ್ಚು ಕೇಳುತ್ತಾರೆ. ನಿಮ್ಮ ಆದಾಯ ಬಚ್ಚಿಡದೆ ಹೇಳಿ, ಕಡಿಮೆ ಮಾಡುತ್ತೀರಾ ಎಂದು ಕೇಳಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಪತ್ರ ಒಯ್ದರೆ ಮಾತು ಸುಲಭ. ಹುಟ್ಟಿನಿಂದ ಬಂದ ತೊಂದರೆ ಇರುವ ಮಕ್ಕಳಿಗೆ ಬೇರೆ ಕಡೆಗಳಿವೆ: ಲಿಂಗರಾಜಪುರದಲ್ಲಿ 1959ರಿಂದಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ. ದೊಡ್ಡವರಿಗೆ ನೌಕರಿಯ ತರಬೇತಿ ಬೇಕಾದರೆ ಎನೇಬಲ್ ಇಂಡಿಯಾ, ಸಮರ್ಥನಂ. ಮಗುವನ್ನು ಎಷ್ಟು ಬೇಗ ತೋರಿಸಿದರೆ ಅಷ್ಟು ಒಳ್ಳೆಯದು, "ತಡಾ ಆಗಿ ಮಾತ ಬರತಾವ" ಎಂದು ಕಾಯಬೇಡಿ.

ಕಾರ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮಾನಸಿಕ ಕಾಯಿಲೆಯೂ ಅದರಲ್ಲೊಂದು. ಶೇ. 40 ಅಥವಾ ಹೆಚ್ಚು ಇದ್ದರೆ ಬಹುತೇಕ ಸೌಲಭ್ಯಗಳಿಗೆ ಅರ್ಹರು. ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇಡೀ ದೇಶಕ್ಕೆ ಒಂದೇ, ಸೊಲ್ಲಾಪುರದಲ್ಲಿ ಮಾಡಿಸಿದ್ದನ್ನು ಇಲ್ಲಿ ಎಸೆಯಬೇಡಿ. ಆದರೆ ಕರ್ನಾಟಕದ ಮಾಸಾಶನ, ಬಸ್ ಪಾಸು ಬೇಕಾದರೆ ಇಲ್ಲಿನ ವಿಳಾಸ ಕೇಳುತ್ತಾರೆ. ಬಂದ ಮೊದಲ ವರ್ಷವೇ ಬಾಡಿಗೆ ಕರಾರು ಪತ್ರ ಮಾಡಿಸಿ ಆಧಾರಿನ ವಿಳಾಸ ಬದಲಿಸಿಕೊಳ್ಳಿ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಎಂಬ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಕಾರ್ಡು ಮಾಡಿಸಿದರೆ ಮಗಳ ಮದುವೆ ನಿಂತೀತು ಎಂದು ಒಬ್ಬ ತಂದೆ ನನ್ನ ಮುಂದೆ ಅತ್ತಿದ್ದಾರೆ. ಆ ಕಾರ್ಡು ನಿಮ್ಮ ಪೆಟ್ಟಿಗೆಯಲ್ಲಿರುತ್ತದೆ, ಊರ ಮುಂದೆ ಯಾರೂ ಓದುವುದಿಲ್ಲ.

ಜಾತ್ರೆಗೆ, ಮದುವೆಗೆ ಊರಿಗೆ ಹೋಗುವಾಗಲೇ ಹೆಚ್ಚಿನವರ ಔಷಧ ತಪ್ಪುವುದು. ಅಲ್ಲಿ ಮಾವನೋ ಕಾಕಾನೋ "ಈಗ ಚಲೋ ಇದ್ದಾನಲ್ಲ, ಗುಳಿಗಿ ಯಾಕ?" ಅನ್ನುತ್ತಾರೆ. ಗುಳಿಗೆಯಿಂದಲೇ ಚೆನ್ನಾಗಿದ್ದಾನೆ ಎಂದು ಅವರಿಗೆ ಹೇಳಿ, ಡಾಕ್ಟರು ಹೇಳುವವರೆಗೆ ಒಂದನ್ನೂ ಕಡಿಮೆ ಮಾಡಬೇಡಿ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರಿಗೆ ನಮ್ಮ ಕಡೆಯ ಬೇಸಿಗೆ ಗಂಡಾಂತರ: ಮೈಯ ನೀರು ಆರಿದರೆ ರಕ್ತದಲ್ಲಿ ಔಷಧ ಏರಿಬಿಡುತ್ತದೆ. ನೀರು, ಮಜ್ಜಿಗೆ ಕುಡಿಯುತ್ತಿರಲಿ, ವಾಂತಿ ಭೇದಿ ಶುರುವಾದರೆ ಅಥವಾ ಕೈ ಹೆಚ್ಚು ನಡುಗಿದರೆ ಅದೇ ದಿನ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಕರೆದೊಯ್ಯಿರಿ. ರೈಲು ಹತ್ತುವ ಮೊದಲು ಗುಳಿಗೆ ಎಣಿಸಿ, ಹೋಗುವ ದಿನಗಳಿಗಿಂತ ಹತ್ತು ದಿನದ್ದು ಹೆಚ್ಚಿಗೆ ಇರಲಿ, ಡಾಕ್ಟರ ಚೀಟಿಯ ಒಂದು ಝೆರಾಕ್ಸ್ ನಿಮ್ಮ ಚೀಲದಲ್ಲಿ, ಇನ್ನೊಂದು ರೋಗಿಯ ಕಿಸೆಯಲ್ಲಿ.