ಕರೆಂಟ್ ಒಲೆಯ ಮೇಲೆ ಐವತ್ತು ಒಬ್ಬಟ್ಟು

ಗ್ಯಾಸಿನ ಉರಿ ಇಲ್ಲದೆ ಒಬ್ಬಟ್ಟು ಏಳುವುದಿಲ್ಲ, ಯುಗಾದಿ ಊಟಕ್ಕೆ ಹದಿನಾರು ಜನ ಅಂದರೆ ಹೊರಗಿಂದಲೇ ತರಿಸಬೇಕು ಅಂತ ಮ್ಯೂನಿಕ್‌ನ ನಮ್ಮ ಬಳಗದಲ್ಲಿ ಎಲ್ಲರದೂ ಒಂದೇ ಮಾತು. ಹಿಂದಿನ ಎರಡು ಯುಗಾದಿಗಳಲ್ಲಿ ನನ್ನ ಒಬ್ಬಟ್ಟೂ ಕೆಟ್ಟಿತ್ತು. 2025ರಲ್ಲಿ ಐವತ್ತರ ಮೇಲೆ ನಾಲ್ಕೈದು ಬಂದವು, ಒಡೆದದ್ದು ಎರಡೇ. ತವರಿನಲ್ಲೂ ಇಷ್ಟು ತೆಳ್ಳಗೆ ತಟ್ಟಿದವರನ್ನು ನಾನು ಕಂಡದ್ದು ಕಡಿಮೆ.

ಆ ಸಲದ ಯುಗಾದಿ ಮಾರ್ಚ್ 30, ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಮಿಕ್ಸಿ ಸದ್ದಿಗೆ ಪಕ್ಕದ ಮನೆಯವರು ಮುಖ ಗಂಟು ಹಾಕುತ್ತಾರೆ. ಸಾಲದ್ದಕ್ಕೆ ಆ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರ ಮೂರಕ್ಕೆ ಹಾರಿ ಒಂದು ಗಂಟೆ ಖೋತಾ. ಹಾಗಾಗಿ ಹೂರಣ ಶುಕ್ರವಾರ ರಾತ್ರಿ, ಕಣಕ ಶನಿವಾರ ರಾತ್ರಿ, ಭಾನುವಾರ ಬರೀ ತಟ್ಟಿ ಬೇಯಿಸುವುದು ಅಂತ ಭಾಗ ಮಾಡಿಕೊಂಡೆ. ಎಲ್ಲವನ್ನೂ ಒಂದೇ ದಿನ ಮಾಡಹೋದದ್ದೂ ಮೊದಲಿನ ಎರಡು ಸಲದ ಸೋಲಿಗೆ ಒಂದು ಕಾರಣ.

ತೊಗರಿಬೇಳೆ ಒಂದು ಕೇಜಿ. ಇಲ್ಲಿನ ನಲ್ಲಿ ನೀರು ಬಲು ಗಡಸು. ಅದರಲ್ಲಿ ಬೇಳೆಯ ಅಂಚು ಕರಗಿದರೂ ನಡು ಗಟ್ಟಿಯಾಗೇ ಉಳಿಯುತ್ತದೆ, ನಡು ಬೇಯಲಿ ಅಂತ ಇನ್ನೊಂದಿಷ್ಟು ಹೊತ್ತು ಬಿಟ್ಟರೆ ಅಂಚು ಗಂಜಿ. 2023ರ ಹೂರಣ ಪಾಯಸವಾದದ್ದು ಹೀಗೆ. ಫಿಲ್ಟರ್ ನೀರಲ್ಲಿ ಮುಕ್ಕಾಲು ಗಂಟೆ ನೆನೆಸಿ, ಕುಕ್ಕರ್ ಬಿಟ್ಟು ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಹದ ಕಣ್ಣಿಗೆ ಕಾಣುತ್ತದೆ. ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು, ಕಾಳಿನ ಆಕಾರ ಹೋಗಿರಬಾರದು. ಬಸಿದ ಕಟ್ಟು ಎರಡೂವರೆ ಲೀಟರ್ ಆಸುಪಾಸು.

ಬೆಲ್ಲ ಎಂಟುನೂರು ಗ್ರಾಂ. ಫ್ರೀಜರಿನ ತೆಂಗಿನ ತುರಿ ನಾನೂರು ಗ್ರಾಂನ ಒಂದು ಪ್ಯಾಕೆಟ್, ಆದರೆ ಕರಗಿದ ಮೇಲೆ ಬಟ್ಟೆಯಲ್ಲಿ ಹಿಂಡಲೇಬೇಕು. ಅರ್ಧ ಲೋಟ ನೀರು ಬರುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಸೌಟು ನೆಟ್ಟಗೆ ನಿಲ್ಲುವವರೆಗೆ ಮಗುಚಿ, ಪೂರ್ತಿ ಆರಿದ ಮೇಲೆ ರುಬ್ಬಿದೆ. ಬಿಸಿಯಲ್ಲಿ ರುಬ್ಬಿದರೆ ಜಿಗುಟಾಗುತ್ತದೆ.

ಕಣಕದ್ದೇ ದೊಡ್ಡ ತಲೆನೋವು, ಪ್ರಯೋಗಕ್ಕೇ ಐದಾರು ಕೇಜಿ ಹಿಟ್ಟು ಹೋಯಿತು. ಇಲ್ಲಿನ 405 ನಂಬರಿನ ಹಿಟ್ಟು ಮೈದಾದಷ್ಟೇ ಬಿಳಿ, ಎಳೆದರೆ ಹರಿಯುತ್ತದೆ. 550 ನಂಬರಿನದು ಹರಿಯದೆ ನಾರಿನಂತೆ ಹಿಗ್ಗುತ್ತದೆ. ಚಿರೋಟಿ ರವೆಗೆ ಬದಲು ಜರ್ಮನ್ ರವೆ ಹಾಕಿದರೆ ತರಿ ತರಿ. ಇಟಾಲಿಯನ್ನರು ಬ್ರೆಡ್ಡಿಗೆ ಬಳಸುವ ಸೆಮೋಲಾ ರಿಮಚಿನಾಟಾ ಅನ್ನುವ ನುಣ್ಣನೆ ರವೆ ಸರಿಹೋಯಿತು. ಆರುನೂರು ಗ್ರಾಂ 550, ಇನ್ನೂರೈವತ್ತು ಸೆಮೋಲಾ, ಅರ್ಧ ಲೀಟರಿಗೆ ತುಸು ಮೇಲೆ ನೀರು, ಚಿಟಿಕೆ ಅರಿಶಿನ. ಚೆನ್ನಾಗಿ ನಾದಿ ಕಾಲು ಲೀಟರ್ ಎಣ್ಣೆಯಲ್ಲಿ ಮುಳುಗಿಸಿ ರಾತ್ರಿಯಿಡೀ ಹೊರಗೇ ಇಟ್ಟೆ.

2024ರಲ್ಲಿ ಒಬ್ಬಟ್ಟೆಲ್ಲ ಒಡೆದದ್ದು ಫ್ರಿಜ್‌ನಿಂದ ತೆಗೆದ ಹೂರಣವನ್ನು ಹಾಗೇ ತುಂಬಿದ್ದರಿಂದ. ತಣ್ಣನೆ ಹೂರಣ ಕಲ್ಲಿನಂತಿರುತ್ತದೆ, ಮೆತ್ತನೆ ಕಣಕವನ್ನು ತೂರಿಕೊಂಡು ಹೊರಬರುತ್ತದೆ. ತುಂಬುವುದಕ್ಕೆ ಮೂರು ಗಂಟೆ ಮೊದಲೇ ಹೊರಗಿಟ್ಟು, ಮುಚ್ಚಳದ ಬದಲು ಬಟ್ಟೆ ಮುಚ್ಚಿ. ಮುಚ್ಚಳ ಹಾಕಿದರೆ ಬೆವರಿ ಮೇಲೆಲ್ಲ ನೀರಾಡುತ್ತದೆ. ಹೂರಣ, ಕಣಕ ಎರಡನ್ನೂ ಹೆಬ್ಬೆರಳಲ್ಲಿ ಒತ್ತಿದಾಗ ಒಂದೇ ಹದ ಇರಬೇಕು. ಹೂರಣದ ಉಂಡೆ ಐವತ್ತೈದು ಗ್ರಾಂ, ಕಣಕ ಅದರರ್ಧ.

ಒಲೆಯ ವಿಷಯ. ಗಾಜಿನ ಒಲೆಯ ಕೆಳಗಿನ ಸುರುಳಿ ಹತ್ತುತ್ತದೆ, ಆರುತ್ತದೆ. ತೆಳು ನಾನ್‌ಸ್ಟಿಕ್ ತವಾ ಅದರ ಜೊತೆಗೇ ಕುಣಿಯುವುದರಿಂದ ಒಂದು ಒಬ್ಬಟ್ಟು ಬಿಳಿಚಿಕೊಂಡರೆ ಮುಂದಿನದು ಸೀಯುತ್ತದೆ. ಬೀಡು ಕಬ್ಬಿಣದ ದಪ್ಪ ಕಾವಲಿ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ತಂದೆ, ಒಂದಕ್ಕೆ ಮೂವತ್ತು ಯೂರೋ ಹತ್ತಿರ. ಒಲೆಯ ಒಂಬತ್ತು ಹಂತಗಳಲ್ಲಿ ಏಳಕ್ಕಿಟ್ಟು ಹತ್ತು ನಿಮಿಷ ಕಾಯಿಸಿ, ಆಮೇಲೆ ಆರಕ್ಕೆ. ಎಣ್ಣೆ ಸವರಿದ ಬೇಕಿಂಗ್ ಪೇಪರ್ ಮೇಲೆ ತಟ್ಟಿ, ಪೇಪರ್ ಸಮೇತ ಕಾವಲಿಗೆ ಮಗುಚಿ ಹತ್ತು ಎಣಿಸುವಷ್ಟರಲ್ಲಿ ಸುಲಿದರೆ ಸಲೀಸಾಗಿ ಬಿಡುತ್ತದೆ. ಒಂದು ಹಾಳೆ ಎಂಟು-ಹತ್ತಕ್ಕೆ ಬರುತ್ತದೆ. ಎರಡೂ ಕಾವಲಿ ಓಡಿಸಿ ಎರಡು ಗಂಟೆಯೊಳಗೆ ಮುಗಿಸಿದೆ. ಬಿಸಿಯಾಗಿರಲಿ ಅಂತ ಓವನ್‌ನಲ್ಲಿ ಮಾತ್ರ ಇಡಬೇಡಿ, ಅಂಚು ಹಪ್ಪಳವಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು ಬಡಿಸುವ ಮುಂಚೆ ತುಪ್ಪ ಹಾಕಿ ಒಂದು ಸುತ್ತು ಕಾವಲಿಗೆ.

ಕಟ್ಟನ್ನು ಎರಡು ರಾತ್ರಿ ಕಾದದ್ದು ಬಾಲ್ಕನಿ. ಮಾರ್ಚ್‌ನ ಚಳಿ ಸಾಕು, ಹಗಲಲ್ಲಿ ಬಿಸಿಲು ಬಿದ್ದರೆ ಒಳಗೆ ಫ್ರಿಜ್‌ಗೆ ತನ್ನಿ, ಇಲ್ಲದಿದ್ದರೆ ಹುಳಿಯುತ್ತದೆ. ಒಬ್ಬಟ್ಟಿನ ಸಾರಿಗೆ ಎರಡು ಉಂಡೆ ಹೂರಣ ಕದಡಿದೆ. ಪುಡಿಯ ಅಳತೆ ನಮ್ಮಮ್ಮನದು, ಅದನ್ನು ಬರೆಯುವುದಿಲ್ಲ.

ಮಾವಿನಕಾಯಿ ಚಿತ್ರಾನ್ನಕ್ಕೆ ಥಾಯ್ ಅಂಗಡಿಯ ಕಾಯಿ ಸಿಕ್ಕಿತು, ಹುಳಿಯೇ ಇಲ್ಲ. ಅರ್ಧಕ್ಕರ್ಧ ರುಬಾರ್ಬ್ ಅನ್ನುವ ಹುಳಿ ಗಿಡದ ದಂಟು ತುರಿದು ಬೆರೆಸಿ ನೋಡಿದೆ. ಹುಳಿ ಬಂತು, ಬಣ್ಣ ಮಾತ್ರ ಕೆಂಪು. ಚಿತ್ರಾನ್ನಕ್ಕಿಂತ ಗೊಜ್ಜಿಗೆ ಅದು ಎಷ್ಟೋ ಚೆನ್ನ, ಬೆಲ್ಲ ಮೆಣಸಿನಕಾಯಿ ಜೊತೆ ಬಾಯಲ್ಲಿ ನೀರೂರುತ್ತದೆ. ರುಬಾರ್ಬ್ ಎಲೆ ವಿಷ, ದಂಟು ಮಾತ್ರ ಬಳಸಿ.

ಬೇವಿನ ಸೊಪ್ಪನ್ನು ಊರಿಂದ ಚೀಲದಲ್ಲಿ ತುರುಕಿ ತರುವಂತಿಲ್ಲ, ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ತಮಿಳರ ಅಂಗಡಿಯ ಒಣ ಬೇವಿನ ಹೂವನ್ನು ತುಪ್ಪದಲ್ಲಿ ಹುರಿದು ಬೆಲ್ಲಕ್ಕೆ ಬೆರೆಸಿದೆ, ಹದಿನಾರು ಜನಕ್ಕೆ ಎರಡು ಚಮಚ ಧಾರಾಳ. ಬಾಳೆ ಎಲೆಗೆ ಫ್ರೀಜರಿನದು ಬೇಡ, ಕರಗಿದ ಮೇಲೆ ಕಪ್ಪಾಗಿ ಸೀಳುತ್ತದೆ. ತಾಜಾ ಎಲೆ ಮೂರು ಪ್ಯಾಕೆಟ್, ಹದಿನೈದು ಯೂರೋ ಆಯಿತು. ಬಿಸಿ ಕಾವಲಿಯ ಮೇಲೆ ಒಮ್ಮೆ ಆಡಿಸಿದರೆ ಮಡಿಸಿದರೂ ಸೀಳುವುದಿಲ್ಲ.

ಕಾವಲಿ, ಪ್ರಯೋಗದ ಹಿಟ್ಟು ಬಿಟ್ಟು ಒಟ್ಟು ನೂರಿಪ್ಪತ್ತು ಯೂರೋ ಚಿಲ್ಲರೆ, ತಲೆಗೆ ಏಳೆಂಟು. ಹೊರಗೆ ಕೇಳಿದಾಗ ಮುನ್ನೂರೈವತ್ತು ಹೇಳಿದ್ದರು, ಅದರಲ್ಲಿ ಒಬ್ಬಟ್ಟು ತಲೆಗೊಂದೇ. ತುಪ್ಪ ಒಂದಕ್ಕೇ ಎಂಟು ಪ್ಯಾಕೆಟ್ ಬೆಣ್ಣೆ ಕಾಯಿಸಿದೆ, ಅಲ್ಲಿ ಕೈ ಹಿಡಿಯಲಿಲ್ಲ.