ಎಂಟರ ಮಗ್ಗಿ ಮತ್ತು ಏಳು ಜನರ ದೆಹಲಿ ಪ್ರಯಾಣ

ಮೂರು ವರ್ಷದ ಹಿಂದೆ ಒಂದು ರಾತ್ರಿ, ಓಡುತ್ತಿದ್ದ ರೈಲಿನಲ್ಲಿ ಚಪಾತಿ ಡಬ್ಬಿ ಹಿಡಿದುಕೊಂಡು ನಾಲ್ಕು ಬೋಗಿ ದಾಟಿದ್ದೆ. ಅಪ್ಪ ಅಮ್ಮ ಒಂದು ಕಡೆ, ಹೆಂಡತಿ ಮತ್ತು ಚಿಕ್ಕ ಮಗ ಇನ್ನೊಂದು ಕಡೆ, ಎಂಟು ವರ್ಷದ ಮಗಳು ಮತ್ತು ನಾನು ಮತ್ತೊಂದು ಕಡೆ. ಚಟ್ನಿಪುಡಿ ಮಾತ್ರ ಅಮ್ಮನ ಚೀಲದಲ್ಲೇ ಉಳಿದಿತ್ತು. ಅದಕ್ಕೆ ವಾಪಸ್ ಹೋಗಲು ಯಾರಿಗೂ ಉತ್ಸಾಹ ಇರಲಿಲ್ಲ.

ತಪ್ಪು ನನ್ನದೇ. ತಡವಾಗಿ ಬುಕ್ ಮಾಡಿದ್ದೆ, ಎಲ್ಲರದೂ ವೇಟಿಂಗ್ ಲಿಸ್ಟ್. ಕನ್‌ಫರ್ಮ್ ಆದರೆ ಸಾಕು ಅಂದುಕೊಂಡಿದ್ದೆ. ಆಯಿತು ಕೂಡ. ಆದರೆ ವೇಟಿಂಗ್ ಇದ್ದವರಿಗೆ ಸಿಗುವುದು ಬೇರೆ ಯಾರೋ ರದ್ದು ಮಾಡಿದ ಬರ್ತು. ಅದು ಯಾವ ಬೋಗಿಯಲ್ಲಿ ಖಾಲಿ ಆಗುತ್ತದೋ ಅಲ್ಲಿಗೆ ನಮ್ಮನ್ನು ಹಾಕುತ್ತಾರೆ. ಒಂದೇ ಪಿಎನ್‌ಆರ್ (ಟಿಕೆಟ್ಟಿನ ಬುಕಿಂಗ್ ನಂಬರ್) ಇದ್ದರೂ ಚೆಲ್ಲಾಪಿಲ್ಲಿ ಆಗುವುದು ಹೀಗೆ.

ಕಳೆದ ಡಿಸೆಂಬರ್ ರಜೆಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋಗೋಣ ಅಂತಾದಾಗ ಈ ಸಲ ಹಾಗಾಗಬಾರದು ಅಂತ ಕೂತು ಲೆಕ್ಕ ಹಾಕಿದೆ. ಸಂಜೆ ಬೆಂಗಳೂರು ಬಿಟ್ಟರೆ ಮೂರನೇ ದಿನ ಬೆಳಿಗ್ಗೆ ದೆಹಲಿ. ಅಂದರೆ ಎರಡು ರಾತ್ರಿ. ನಾವು ಏಳು ಜನ. ಅಪ್ಪನಿಗೆ 70, ಅಮ್ಮನಿಗೆ 64, ನಾವಿಬ್ಬರು, 11 ವರ್ಷದ ಮಗಳು, 6 ವರ್ಷದ ಮಗ. ಜೊತೆಗೆ ಕಲಬುರಗಿಯಲ್ಲಿ ಹತ್ತುವ ನನ್ನ ಅಕ್ಕ.

ಮೊದಲು ಎಂಟರ ಮಗ್ಗಿ. ಇದು ಗೊತ್ತಿಲ್ಲದೆ ಬರ್ತಿನ ನಂಬರ್ ನೋಡಿ ಪ್ರಯೋಜನವಿಲ್ಲ. ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಎಂಟೆಂಟು ಬರ್ತಿಗೆ ಒಂದು ಗುಂಪು. ನಮ್ಮ ಮನೆಯಲ್ಲಿ ಅದಕ್ಕೆ 'ಕೋಣೆ' ಅಂತ ಹೆಸರು. 1 ಲೋವರ್, 2 ಮಿಡಲ್, 3 ಅಪ್ಪರ್, ಎದುರುಗಡೆ 4 ಲೋವರ್, 5 ಮಿಡಲ್, 6 ಅಪ್ಪರ್, ದಾರಿಯಾಚೆ 7 ಸೈಡ್ ಲೋವರ್, 8 ಸೈಡ್ ಅಪ್ಪರ್. ಮುಂದಿನ ಕೋಣೆ 9ರಿಂದ. ಹಾಗಾಗಿ 33 ಮತ್ತು 40 ಒಂದೇ ಕೋಣೆ. 40 ಮತ್ತು 41 ಪಕ್ಕಪಕ್ಕದ ನಂಬರ್ ಆದರೂ ಬೇರೆ ಬೇರೆ ಕೋಣೆ. ಟೂ ಟಯರ್‌ನಲ್ಲಿ ಮಿಡಲ್ ಇಲ್ಲ, ಅಲ್ಲಿ ಆರರ ಮಗ್ಗಿ. ಮಗಳಿಗೆ ಇದನ್ನು ಹೇಳಿಕೊಟ್ಟ ಮೇಲೆ ಅವಳು ನನಗಿಂತ ಬೇಗ ಹೇಳುತ್ತಾಳೆ.

ಆಮೇಲೆ ಒಂದು ತೀರ್ಮಾನ. ಏಳೂ ಜನ ಒಂದೇ ಕೋಣೆಯಲ್ಲಿ ಇರಬೇಕು ಅನ್ನುವ ಆಸೆ ಬಿಟ್ಟೆ. ನಿಜವಾಗಿ ಬೇಕಾಗಿದ್ದು ಎರಡೇ: ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು, ಅಪ್ಪ ಅಮ್ಮನಿಗೆ ಲೋವರ್. ನಾನು ಎಲ್ಲಿ ಮಲಗಿದರೂ ರಾತ್ರಿ ಕಳೆಯುತ್ತದೆ.

ಒಂದು ಟಿಕೆಟ್ಟಿನಲ್ಲಿ ಆರು ಜನರಿಗಿಂತ ಜಾಸ್ತಿ ಹಾಕಲು ಬರುವುದಿಲ್ಲ. ನನಗೆ ಮೊದಲು ಹೊಳೆದದ್ದು ಆರು ಜನರದ್ದು ಒಂದು, ಅಕ್ಕನದ್ದು ಒಂದು ಅಂತ. ಆದರೆ ಹಿರಿಯರಿಗೆ ಅಂತ ಎತ್ತಿಟ್ಟ ಲೋವರ್ ಬರ್ತಿನ ಕೋಟಾ ಒಂಟಿಯಾಗಿ ಅಥವಾ ಇಬ್ಬರಾಗಿ ಹೋಗುವ ಟಿಕೆಟ್ಟಿಗೆ ಮಾತ್ರ. ಗಂಡಸರಿಗೆ 60, ಹೆಂಗಸರಿಗೆ 45 ಆಗಿರಬೇಕು. ಅಪ್ಪ ಅಮ್ಮನನ್ನು ನಮ್ಮ ಟಿಕೆಟ್ಟಿಗೆ ಸೇರಿಸಿದರೆ ಆ ಕೋಟಾ ಕೈತಪ್ಪುತ್ತದೆ. ಹೀಗಾಗಿ ಮೂರು ಟಿಕೆಟ್: ನಾವು ನಾಲ್ವರದ್ದು, ಅಪ್ಪ ಅಮ್ಮನದ್ದು, ಅಕ್ಕನದ್ದು.

ಅಕ್ಕನ ಟಿಕೆಟ್ಟಿಗೆ ಸ್ವಲ್ಪ ತಲೆ ಕೆಡಿಸಿಕೊಂಡೆ. ಬೋರ್ಡಿಂಗ್ ಸ್ಟೇಷನ್ ಅನ್ನುವುದು ಪಿಎನ್‌ಆರ್‌ಗೆ ಒಂದೇ. ಅವಳನ್ನು ನಮ್ಮ ಜೊತೆ ಹಾಕಿ ಕಲಬುರಗಿ ಅಂತ ಕೊಟ್ಟರೆ ನಾವೆಲ್ಲ ಕಲಬುರಗಿಗೆ ಹೋಗಿ ಹತ್ತಬೇಕು! ಕಲಬುರಗಿಯಿಂದಲೇ ಟಿಕೆಟ್ ಮಾಡಿದರೆ ಬೇರೆ ಕೋಟಾಕ್ಕೆ ಹೋಗಿ ಬೋಗಿಯೇ ಬೇರೆ ಆಗಬಹುದು ಅನ್ನಿಸಿತು. ಕೊನೆಗೆ ಬೆಂಗಳೂರಿನಿಂದಲೇ ತೆಗೆದು, ಬೋರ್ಡಿಂಗ್ ಕಲಬುರಗಿ ಅಂತ ಹಾಕಿದೆ. ದುಡ್ಡು ಜಾಸ್ತಿ ಆಯಿತು. ಅಕ್ಕ ಬೈದಳು.

ಬುಕಿಂಗ್ ದಿನ ಅಡುಗೆಮನೆಯೇ ಕಚೇರಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ, ಪ್ರಯಾಣದ ದಿನ ಇದರಲ್ಲಿ ಸೇರುವುದಿಲ್ಲ. ಬೆಳಿಗ್ಗೆ 8ಕ್ಕೆ ಶುರು. 2025ರ ಅಕ್ಟೋಬರ್ 1ರಿಂದ ಮೊದಲ 15 ನಿಮಿಷ ರೈಲ್ವೆಯ ಟಿಕೆಟ್ ತಾಣ ಐಆರ್‌ಸಿಟಿಸಿಯಲ್ಲಿ ಆಧಾರ್ ಜೋಡಿಸಿದ ಖಾತೆಗಳಿಗೆ ಮಾತ್ರ ಅವಕಾಶ ಅಂತ ಆಗಿತ್ತು. ನಮ್ಮಿಬ್ಬರ ಖಾತೆಗೂ ಹಿಂದಿನ ವಾರವೇ ಅದನ್ನು ಮುಗಿಸಿದ್ದೆ. ಎಲ್ಲರ ಹೆಸರು, ವಯಸ್ಸು ಆ ತಾಣದ ಮಾಸ್ಟರ್ ಲಿಸ್ಟಿನಲ್ಲಿ (ಪ್ರಯಾಣಿಕರ ಪಟ್ಟಿಯಲ್ಲಿ) ಮೊದಲೇ ತುಂಬಿಸಿಟ್ಟಿದ್ದೆ. ಏಳು ಐವತ್ತೆಂಟಕ್ಕೆ ಕೂತು ಅಮ್ಮನ ವಯಸ್ಸು ಎಷ್ಟು ಅಂತ ಕೇಳುವಂತೆ ಇರಬಾರದು.

ನಾನು ಮೊದಲು ನಾಲ್ವರದ್ದು ಮಾಡಿದೆ. ಮಗನಿಗೆ ಪೂರ್ತಿ ದುಡ್ಡು ಕೊಟ್ಟು ಬರ್ತು ತೆಗೆದೆ. 5 ತುಂಬಿ 12 ಆಗದ ಮಕ್ಕಳಿಗೆ ಬರ್ತು ಬೇಡ ಅಂದರೆ ಅರ್ಧ ದರ. ಒಂದು ರಾತ್ರಿಯಾದರೆ ಹಾಗೇ ಮಾಡುತ್ತಿದ್ದೆನೇನೋ. ಎರಡು ರಾತ್ರಿ ಅವನ ಒದೆ ತಿನ್ನುವುದು ನನ್ನಿಂದ ಆಗದು.

ಅಲ್ಲೊಂದು ಆಯ್ಕೆ ಇದೆ, ಎಲ್ಲ ಬರ್ತು ಒಂದೇ ಬೋಗಿಯಲ್ಲಿ ಸಿಕ್ಕರೆ ಮಾತ್ರ ಬುಕ್ ಮಾಡು ಅನ್ನುವುದು. ಅದನ್ನು ಒತ್ತಿದೆ. ಆದರೆ ಅದು ಬೋಗಿಯನ್ನಷ್ಟೇ ನೋಡುತ್ತದೆ, ಕೋಣೆಯನ್ನಲ್ಲ. 3 ಮತ್ತು 70 ಕೊಟ್ಟರೂ ಅದರ ಲೆಕ್ಕಕ್ಕೆ ಒಟ್ಟಿಗೇ. ಷರತ್ತಿಗೆ ಹೊಂದದಿದ್ದರೆ ಟಿಕೆಟ್ಟೇ ಆಗುವುದಿಲ್ಲ. ದುಡ್ಡು ವಾಪಸ್ ಬರುತ್ತದೆ, ಹೋದ ನಿಮಿಷ ಬರುವುದಿಲ್ಲ. ಅದಕ್ಕೇ ಎಂಟು ಗಂಟೆಗೆ ಸರಿಯಾಗಿ, ಬೇಕಾದಷ್ಟು ಬರ್ತು ಖಾಲಿ ಇರುವಾಗ ಮಾತ್ರ ನಾನು ಅದನ್ನು ಒತ್ತುತ್ತೇನೆ.

"ಬಿ3! ಬಿ3!" ಅಂತ ನಮಗೆ ಸಿಕ್ಕ ಬೋಗಿಯ ಹೆಸರು ಕೂಗಿದೆ. ಹೆಂಡತಿ ತನ್ನ ಮೊಬೈಲಿನಲ್ಲಿ ಅಪ್ಪ ಅಮ್ಮನ ಟಿಕೆಟ್ ತುಂಬಿ ಅದಕ್ಕೇ ಕಾಯುತ್ತಿದ್ದಳು. ಇಷ್ಟದ ಬೋಗಿ ಯಾವುದು ಅಂತ ಬರೆಯಲು ಅಲ್ಲಿ ಜಾಗ ಇದೆ, ಬಹಳ ಜನ ಅದನ್ನು ನೋಡುವುದೇ ಇಲ್ಲ. ಅವಳು ಬಿ3 ಅಂತ ಹಾಕಿ ಹಿರಿಯರ ಕೋಟಾದಲ್ಲಿ ಮಾಡಿದಳು. ನಮಗೆ 33, 34, 35, 38. ಅವರಿಗೆ 17 ಮತ್ತು 20, ಎರಡೂ ಲೋವರ್. ಮಧ್ಯೆ ಒಂದೇ ಕೋಣೆ. ಅಕ್ಕನಿಗೂ ಬಿ3 ಅಂತಲೇ ಹಾಕಿದೆವು, ಬಂದದ್ದು ಬಿ4ರ 28. ಬೋಗಿ ಕೇಳಬಹುದು ಅಷ್ಟೇ, ಕೊಡಲೇಬೇಕು ಅಂತಿಲ್ಲ.

28 ಅಂದರೆ ಲೋವರ್. ಅದನ್ನು ನೋಡಿ ನನಗೆ ಖುಷಿಯೇ ಆಯಿತು. ಕೈಯಲ್ಲಿ ಒಂದು ಲೋವರ್ ಇದ್ದರೆ ಅದಲುಬದಲು ಸುಲಭ.

ಅದಲುಬದಲಿನಲ್ಲಿ ಜನ ಮಾಡುವ ತಪ್ಪು ಅಂದರೆ, ತಮ್ಮ ಅಪ್ಪರ್ ಕೊಟ್ಟು ಎದುರಿನವರ ಲೋವರ್ ಕೇಳುವುದು. ಅದೂ "ನಮ್ಮ ಜೊತೆ ಮಕ್ಕಳಿದ್ದಾರೆ" ಅನ್ನುವ ದನಿಯಲ್ಲಿ. ಅವರೂ ಎರಡು ತಿಂಗಳ ಮೊದಲೇ ಬುಕ್ ಮಾಡಿರುತ್ತಾರೆ, ಅಲ್ವಾ? ನಾನು ಎರಡು ನೋಡುತ್ತೇನೆ. ನಾನು ಯಾರನ್ನು ಕೇಳುತ್ತೇನೋ ಅವರು ಒಂಟಿಯಾಗಿ ಹೋಗುತ್ತಿರಬೇಕು, ನಾನು ಕೊಡುವುದು ಅವರದಕ್ಕಿಂತ ಒಳ್ಳೆಯದಿರಬೇಕು. ಮತ್ತೆ, ಅವರು ಸೀಟಿನ ಕೆಳಗೆ ಸಾಮಾನು ಇಟ್ಟು ಚೈನ್ ಹಾಕಿ ಬೀಗ ಹಾಕುವ ಮೊದಲೇ ಕೇಳಬೇಕು. ಬೀಗ ಬಿದ್ದ ಮೇಲೆ ಮನಸ್ಸೂ ಬೀಗ ಹಾಕಿಕೊಂಡಿರುತ್ತದೆ.

ನಮ್ಮ ಕೋಣೆಯ 36ರಲ್ಲಿ ವಯಸ್ಸಾದ ಹೆಂಗಸೊಬ್ಬರು. ಅವರನ್ನು ಕೇಳುವ ಮಾತೇ ಇಲ್ಲ. 37ರ ಮಿಡಲ್‌ನಲ್ಲಿ ಒಬ್ಬ ಹುಡುಗ, ಬೆನ್ನಿಗೆ ಒಂದೇ ಬ್ಯಾಗು.

"ಒಂದು ಮಾತು ಕೇಳ್ಲಾ ತಮ್ಮಾ? ಪಕ್ಕದ ಬೋಗೀಲಿ ನಮ್ಮ ಅಕ್ಕನದು ಲೋವರ್ ಇದೆ. ಬೆಳಗಿನ ಜಾವ ಅವಳು ಹತ್ತಾಳೆ. ಆಮೇಲೆ ನೀನು ಅಲ್ಲಿಗೆ ಹೋಗ್ತೀಯಾ?"

"ಈ ರಾತ್ರಿ ಎಬ್ಬಿಸಬೇಡಿ ಅಂಕಲ್. ಬೆಳಿಗ್ಗೆ ಹೋಗ್ತೀನಿ."

ನ್ಯಾಯವೇ. ಅಕ್ಕ ಕಲಬುರಗಿಯಲ್ಲಿ ಹತ್ತಿ ತನ್ನ ಬಿ4ರಲ್ಲೇ ಬೆಳಗಿನ ತನಕ ಮಲಗಿದಳು. ಏಳು ಗಂಟೆಗೆ ಹುಡುಗ ಬ್ಯಾಗ್ ಹಾಕಿಕೊಂಡು ಹೊರಟ. ಅಮ್ಮ ಅವನ ಕೈಗೆ ನಾಲ್ಕು ಕೋಡುಬಳೆ ತುರುಕಿದರು. ಟಿಸಿ ಬಂದಾಗ ಇಬ್ಬರ ಬರ್ತೂ ಬದಲಾಗಿದೆ ಅಂತ ನಾನೇ ಹೇಳಿದೆ. ಹೇಳದೆ ಬಿಟ್ಟರೆ ಯಾರ ಜಾಗದಲ್ಲಿ ಯಾರು ಅಂತ ಆಮೇಲೆ ಸುಮ್ನೆ ಗೊಂದಲ.

ಹಗಲು ಹೊತ್ತು ಏನೂ ಕಷ್ಟವಿಲ್ಲ. ಮಿಡಲ್ ಬರ್ತು ಹಾಕಿ ಮಲಗುವ ಹಕ್ಕು ಇರುವುದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಉಳಿದ ಹೊತ್ತು ಲೋವರ್ ಎಲ್ಲರ ಕೂರುವ ಜಾಗ. ಸೊಲ್ಲಾಪುರ ದಾಟಿದ ಮೇಲೆ ಏಳು ಜನವೂ ಒಂದೇ ಕೋಣೆಯಲ್ಲಿದ್ದೆವು. 36ರ ಅಜ್ಜಿಯೂ ನಮ್ಮ ಚಟ್ನಿಪುಡಿ ರುಚಿ ನೋಡಿದರು.

ಎಡವಿದ್ದು ವಾಪಸ್ ಬರುವ ಟಿಕೆಟ್ಟಿನಲ್ಲಿ. ಹೋಗುವುದಕ್ಕೂ ಬರುವುದಕ್ಕೂ 60 ದಿನದ ಲೆಕ್ಕ ಬೇರೆ ಬೇರೆ. ನಮ್ಮದು ಎಂಟು ದಿನ ಆಮೇಲೆ ತೆರೆಯುವುದಿತ್ತು. ಅವತ್ತು ಬೆಳಿಗ್ಗೆ ಮಗನ ಶಾಲೆಯ ವ್ಯಾನ್ ತಪ್ಪಿ, ಅವನನ್ನು ಬಿಟ್ಟು ಬಂದು ಮೊಬೈಲ್ ತೆಗೆದಾಗ 8 ಗಂಟೆ 40 ನಿಮಿಷ. ಐದು ಜನರಿಗೆ ಬಿ2, ಇಬ್ಬರಿಗೆ ಬಿ5. ಮತ್ತೆ ಯಾರನ್ನು ಬೇಡುವುದು ಅಂತ ನಾನು ಯೋಚಿಸುತ್ತಿದ್ದೆ. ಅಪ್ಪ ಮಾತ್ರ ಕನ್ನಡಕ ಏರಿಸಿ ಟಿಕೆಟ್ ನೋಡಿ, "ಬಿ5ರಲ್ಲಿ ನಾನಿರ್ತೀನಿ, ಯಾರನ್ನೂ ಕೇಳಬೇಡ. ಎರಡು ರಾತ್ರಿ ನಿದ್ದೆನಾದ್ರೂ ಮಾಡ್ತೀನಿ" ಅಂದರು.