ಬಾಡಿಗೆ ಮನೆಯಲ್ಲಿ, ನೇತಾಡದೆ, ಬೆರಳಿಗೆ ತಾಳಿಕೆ

ಗೋಡೆಗೆ ಬಿಗಿದ ಹ್ಯಾಂಗ್‌ಬೋರ್ಡ್ ಎಂಬ ಹಲಗೆಯ ಅಂಚಿಗೆ ನೇತಾಡದೆ ಬೆರಳು ಗಟ್ಟಿಯಾಗುವುದಿಲ್ಲ ಎಂದೇ ಜೊತೆಗೆ ಬಂಡೆ ಹತ್ತುವವರೆಲ್ಲ ಹೇಳುತ್ತಿದ್ದರು. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ. ಮರದ ತುಂಡಿನ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು, ಅದಕ್ಕೆ ಕಟ್ಟಿದ ತೂಕವನ್ನು ನೆಲದಿಂದ ಎತ್ತುವ ದಾರಿ ಹಿಡಿದೆ. ಬಾದಾಮಿಯ ಕೆಂಪು ಗೋಡೆಯಲ್ಲಿ ಅರ್ಧ ದಾರಿಗೇ ಕಲ್ಲಾಗುತ್ತಿದ್ದ ಮುಂಗೈ ಈಗ ದಾರಿಯ ತುದಿಯಲ್ಲಿ ಹಗ್ಗ ಸಿಕ್ಕಿಸುವ ಆಂಕರ್‌ವರೆಗೂ ತಾಳುತ್ತದೆ. ಅನುಮಾನಪಟ್ಟವರೇ ಬಂದು ಅಳತೆ ಕೇಳುತ್ತಿದ್ದಾರೆ.

ಮೊದಲು ಕೆಟ್ಟದ್ದು ಮರದ ತುಂಡು. ಪ್ಲೈವುಡ್‌ನ ಪದರ ಅಂಚಿನಲ್ಲೇ ಎದ್ದುಬಂತು. ವಾರ್ನಿಷ್ ಹೊಡೆದದ್ದು ಬೆವರಿಗೆ ಜಾರಿತು. ಕೊನೆಗೆ ನಿಂತದ್ದು ಹಲಸಿನ ತುಂಡು: 20 ಮಿಮೀ ಅಂಚು, ಮೂಲೆಗೆ ಸುಮಾರು 6 ಮಿಮೀ ದುಂಡು, 80 ಆಮೇಲೆ 150ರ ಉಜ್ಜುಕಾಗದ, ಬಣ್ಣವಿಲ್ಲ. ಹಗ್ಗದ ತೂತು ಬೆರಳ ತುದಿ ಕೂರುವ ಜಾಗದ ನೇರ ಕೆಳಗಿರಬೇಕು. ಇಲ್ಲದಿದ್ದರೆ ತುಂಡು ವಾಲುತ್ತದೆ, ಎತ್ತಿದ ತೂಕದ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ಅಂಚಿಗೆ ಕೊನೆಯಲ್ಲಿ ಏನು ಉಜ್ಜುತ್ತೇನೆ ಎಂಬುದು ನನ್ನಲ್ಲೇ ಇರಲಿ.

ತೂಕದ ಪ್ಲೇಟ್ ಕೂರಿಸಲು ಮುಕ್ಕಾಲು ಇಂಚಿನ ಜಿಐ ಪೈಪ್, ಅದರ ಅಡಿಯಲ್ಲಿ ಪ್ಲೇಟ್ ತಡೆಯುವ ಫ್ಲ್ಯಾಂಜ್, ಮೇಲೆ ಕ್ಯಾಪ್ ಕೊರೆದು ಕೊಕ್ಕೆಯ ಬೋಲ್ಟ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮುನ್ನೂರೈವತ್ತು ಆಯಿತು, ಬಡಗಿಗೆ ಇನ್ನೂರೈವತ್ತು. ದುಡ್ಡು ತಿಂದದ್ದು ಪ್ಲೇಟುಗಳು, ಐದು ಸಾವಿರದ ಆಸುಪಾಸು. ನೀರು ತುಂಬಿದ ಕ್ಯಾನ್ ಅಗ್ಗ ನಿಜ, ಆದರೆ ನೀರು ತುಳುಕಿ ಹಿಡಿತ ಅಲ್ಲಾಡುತ್ತದೆ. ಎಳೆತದ ಬಲ ಅಳೆಯಲು ಲಗೇಜ್ ತೂಗುವ ತಕ್ಕಡಿಗೆ ಕೊಟ್ಟ ನಾನೂರು ದಂಡ: ತೂಕ ನಿಂತ ಕೂಡಲೇ ಅಂಕಿ ಲಾಕ್ ಆಗುತ್ತದೆ, ಬಲ ಇಳಿಯುವುದು ಕಾಣುವುದೇ ಇಲ್ಲ. ಕೊಕ್ಕೆಗೆ ಸಿಕ್ಕಿಸಿ ತೂಗುವ, ಲಾಕ್ ತೆಗೆಯಲು ಬರುವ ಕ್ರೇನ್ ತಕ್ಕಡಿಗೆ ಎರಡು ಸಾವಿರ ಆಯಿತು. ಅದರಲ್ಲಿ ಮಾತ್ರ ಕಂಜೂಸು ಬೇಡ.

ಆ ತಕ್ಕಡಿಯ ಒಂದು ತುದಿಯನ್ನು ಕಾಲಡಿಯ ಹಲಗೆಗೆ, ಇನ್ನೊಂದನ್ನು ಮರದ ತುಂಡಿಗೆ ಕಟ್ಟಿ, 7 ಸೆಕೆಂಡ್ ಎಳೆ, 3 ಬಿಡು, ಹೀಗೆ ನಾಲ್ಕು ನಿಮಿಷ, ಪೂರ್ತಿ ಬಲದಿಂದ. ಕೊನೆಯ ಐದಾರು ಎಳೆತಗಳ ಸರಾಸರಿಯೇ ನಿಮ್ಮ ತಾಳಿಕೆ. ನನ್ನದು 15 ಕೆಜಿ ಇತ್ತು, ಒಂದು ಕೈಯ ಗರಿಷ್ಠ 38ರ ಹತ್ತಿರ. ಅಂದರೆ ಶಕ್ತಿ ಇತ್ತು, ತಾಳಿಕೆ ಇರಲಿಲ್ಲ. ಇನ್ನೂ ಭಾರ ಹಾಕು ಅನ್ನುವ ಸಲಹೆ ಇಲ್ಲಿ ತಿರುಗುಮುರುಗು. ಹಿಡಿತ ಬಿಗಿಯಾದಷ್ಟೂ ಮುಂಗೈಗೆ ರಕ್ತ ಹೋಗುವುದು ಕಡಿಮೆ, ಹೆಚ್ಚಾಗಿ ಹೋಗುವುದು ಬಿಡುವಿನ ಆ ಮೂರು ಸೆಕೆಂಡಿನಲ್ಲೇ.

ವಾರಕ್ಕೆ ಎರಡು ದಿನ ಗರಿಷ್ಠದ ಶೇ. 45ರಷ್ಟು ತೂಕ, ಹಾಫ್ ಕ್ರಿಂಪ್ (ಬೆರಳ ನಡುಗೆಣ್ಣು ಸುಮಾರು ಲಂಬಕೋನಕ್ಕೆ ಬಾಗಿದ ಹಿಡಿತ), 7:3ರಲ್ಲಿ ಆರು ಸಲ ಎತ್ತುವುದು, ಕೈ ಬದಲಿಸಿ ಅಷ್ಟೇ, ಎರಡು ನಿಮಿಷ ಬಿಡುವು, ಎಂಟು ಸುತ್ತು. ಇನ್ನೊಂದು ದಿನ ಭಾರ: 10 ಸೆಕೆಂಡಿನಂತೆ ಐದು ಸಲ ಎತ್ತುವುದು, ನಡುವೆ ಮೂರು ನಿಮಿಷ. ತೋಳು ನೇರ, ಮಣಿಕಟ್ಟು ಬಾಗಬಾರದು, ಎತ್ತುವುದು ಕಾಲಿನ ಬಲದಿಂದ. ಪ್ಲೇಟ್ ನೆಲ ಬಿಟ್ಟರೆ ಸಾಕು. ಜಗ್ಗಿ ಎತ್ತಿದರೆ ಉಂಗುರ ಬೆರಳಿನ ಬುಡದ ಎ2 ಪುಲ್ಲಿ (ಸ್ನಾಯುರಜ್ಜುವನ್ನು ಮೂಳೆಗೆ ಒತ್ತಿ ಹಿಡಿಯುವ ಪಟ್ಟಿ) ನೋಯಬಹುದು, ಆಗ ಆ ದಿನಕ್ಕೆ ನಿಲ್ಲಿಸಿ. ಮೂರು ತಿಂಗಳಲ್ಲಿ ಗರಿಷ್ಠ 43ಕ್ಕೆ, ತಾಳಿಕೆ 20ಕ್ಕೆ ಏರಿತು.

ರಾಗಿ ತುಂಬಿದ ಬಕೆಟ್‌ನಲ್ಲಿ ಕೈ ತಿರುವಿ ನೋಡಿದೆ, ಅಂಕಿ ಕದಲಲಿಲ್ಲ. ಮಳೆಗಾಲದಲ್ಲಿ ಟೇಬಲ್ ಫ್ಯಾನನ್ನು ಅಂಗೈಗೆ ತಿರುಗಿಸಿಟ್ಟರೆ ಮಾತ್ರ ಕೊನೆಯ ಸುತ್ತುಗಳಲ್ಲಿ ಜಾರುವುದು ನಿಂತಿತು, ಬೆವರು ಹೀರುವ ಚಾಕ್ ಪುಡಿ ಹೆಚ್ಚು ಬಳಿದರೂ ಸಿಗದ ಲಾಭ. ಬಾದಾಮಿಗೆ ಹೊರಡುವ ನಾಲ್ಕು ದಿನ ಮೊದಲೇ ಭಾರ ಎತ್ತುವುದನ್ನು ನಿಲ್ಲಿಸಿ, 7:3 ಮಾತ್ರ ಅರ್ಧ ತೂಕದಲ್ಲಿ ಎರಡು ಸುತ್ತು ಇಟ್ಟುಕೊಳ್ಳಿ.